ಬ್ರಿಟನ್ನಿನ ರೈತರಿಗೆ ಪಿತ್ರಾರ್ಜಿತ ತೆರಿಗೆ: ಎಲ್ಲರಂತೆ ಅವರೂ ಕಟ್ಟಬೇಕೇ?

ಹೊಳೆದಂಡೆ:
ಲಂಡನ್ನಿನ ವೈಟ್‌ಹಾಲ್‌ನಲ್ಲಿ 2024ರ ನವೆಂಬರ್ 19ರಂದು ರೈತರು ಸೇರಿದ ಚಿತ್ರಗಳನ್ನು ಎಲ್ಲರೂ ನೋಡಿದ್ದೀರಿ. ಆದರೆ ನಿಯಮ ಏನು ಎಂಬುದರ ಬಗ್ಗೆ ಕನ್ನಡದಲ್ಲಿ ಓಡಾಡುತ್ತಿರುವ ಸಂದೇಶಗಳಲ್ಲಿ ಅರ್ಧಕ್ಕರ್ಧ ತಪ್ಪಿದೆ. ಮೊದಲು ನಿಯಮ ಹೇಳುತ್ತೇನೆ, ಜಗಳ ಆಮೇಲೆ ಆಡೋಣ.

ಅಲ್ಲಿ ಯಾರೇ ಸತ್ತರೂ ಅವರ ಆಸ್ತಿಯಲ್ಲಿ 3.25 ಲಕ್ಷ ಪೌಂಡ್‌ವರೆಗೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇ 40. ಈ 3.25 ಲಕ್ಷದ ಮಿತಿ 2009ರಿಂದ ಕದಲಿಲ್ಲ. ಗಂಡ ಹೆಂಡತಿಗೆ ಬಿಟ್ಟರೆ ತೆರಿಗೆ ಇಲ್ಲ. ವಾಸದ ಮನೆ ಮಕ್ಕಳಿಗೆ ಹೋದರೆ ಇನ್ನೂ 1.75 ಲಕ್ಷ ಸೇರುತ್ತದೆ. ರೈತರಿಗೆ ಮಾತ್ರ 1992ರಿಂದ ಜಮೀನಿನ ಕೃಷಿ ಬೆಲೆಯ (ಬೇಸಾಯಕ್ಕೆ ಮಾತ್ರ ಬಳಸುವುದಾದರೆ ಎಷ್ಟು ಬಾಳುತ್ತದೋ ಅದರ) ಮೇಲೆ ನೂರಕ್ಕೆ ನೂರು ವಿನಾಯಿತಿ ಇತ್ತು, ಎಷ್ಟೇ ಎಕರೆ ಇರಲಿ. ಹಣಕಾಸು ಸಚಿವೆ ರೇಚಲ್ ರೀವ್ಸ್ 2024ರ ಅಕ್ಟೋಬರ್ 30ರ ಬಜೆಟ್‌ನಲ್ಲಿ ಇದಕ್ಕೆ ಮಿತಿ ಹಾಕಿದರು: ಕೃಷಿ ಆಸ್ತಿ, ವ್ಯವಹಾರ ಆಸ್ತಿ (ಯಂತ್ರ, ದನಕರು, ಪಾಲುದಾರಿಕೆಯ ಪಾಲು ಇಂಥವು) ಎರಡೂ ಸೇರಿ ಮೊದಲ 10 ಲಕ್ಷ ಪೌಂಡ್‌ಗೆ ಪೂರ್ತಿ ವಿನಾಯಿತಿ, ಅದರ ಮೇಲೆ ಅರ್ಧ. ಅಂದರೆ ಮೇಲಿನ ಭಾಗಕ್ಕೆ ಲೆಕ್ಕದಲ್ಲಿ ಶೇ 20. ಒಂದು ವರ್ಷದ ಪ್ರತಿಭಟನೆಯ ನಂತರ 2025ರ ಡಿಸೆಂಬರ್ 23ರಂದು ಸರ್ಕಾರ ಆ 10 ಲಕ್ಷವನ್ನು 25 ಲಕ್ಷಕ್ಕೆ ಏರಿಸಿತು. ಒಬ್ಬರು ಬಳಸದೆ ಉಳಿಸಿದ ಮಿತಿ ಬದುಕಿರುವ ಸಂಗಾತಿಗೆ ಸೇರುತ್ತದೆ. ಜಾರಿಯ ದಿನ 2026ರ ಏಪ್ರಿಲ್ 6.

ಈಗ ಪ್ರಶ್ನೆ: ಮನೆ, ಷೇರು, ಬ್ಯಾಂಕ್ ಠೇವಣಿ ಬಿಟ್ಟುಹೋದವರು ಶೇ 40 ಕಟ್ಟುವಾಗ ರೈತರಿಗೆ ಬೇರೆ ತಕ್ಕಡಿ ಏಕೆ?

ಲೆಕ್ಕದಪುಟ:
ಅಂಕಿ ಇಟ್ಟುಕೊಂಡೇ ಮಾತಾಡೋಣ. 400 ಎಕರೆ ಗೋಧಿ–ಬಾರ್ಲಿ ಜಮೀನು, ಎಕರೆಗೆ 10,000 ಪೌಂಡ್ ಎಂದು ಹಿಡಿಯಿರಿ: 40 ಲಕ್ಷ. ಮನೆ 7 ಲಕ್ಷ. ಕಂಬೈನ್, ಟ್ರ್ಯಾಕ್ಟರ್, ದಾಸ್ತಾನು 5 ಲಕ್ಷ. ಒಟ್ಟು 52 ಲಕ್ಷ ಪೌಂಡ್, ಸಾಲ ಇಲ್ಲ, ಒಬ್ಬರೇ ಮಾಲೀಕರು, ಮದುವೆಯಾಗಿಲ್ಲ. ಸುಲಭವಾಗಲೆಂದು ಮನೆಗೂ ಪೂರ್ತಿ ವಿನಾಯಿತಿ ಸಿಕ್ಕಿತು ಎಂದುಕೊಳ್ಳಿ.

25 ಲಕ್ಷ ಪೂರ್ತಿ ಬಿಡುಗಡೆ. ಉಳಿದ 27 ಲಕ್ಷದಲ್ಲಿ ಅರ್ಧ, 13.5 ಲಕ್ಷ, ತೆರಿಗೆಗೆ ಒಳಪಡುತ್ತದೆ. ಅದರಲ್ಲಿ 3.25 ಕಳೆದರೆ 10.25 ಲಕ್ಷ. ಶೇ 40 ಅಂದರೆ 4.1 ಲಕ್ಷ ಪೌಂಡ್. ಬಡ್ಡಿ ಇಲ್ಲದೆ 10 ವಾರ್ಷಿಕ ಕಂತು, ಒಂದೊಂದು 41,000.

ಮೊದಲು ಘೋಷಿಸಿದ್ದ 10 ಲಕ್ಷದ ಮಿತಿ ಉಳಿದಿದ್ದರೆ ಇದೇ ಜಮೀನಿಗೆ 7.1 ಲಕ್ಷ ಆಗುತ್ತಿತ್ತು. ಇದೇ 52 ಲಕ್ಷ ಷೇರು ಮತ್ತು ಮನೆಯ ರೂಪದಲ್ಲಿದ್ದರೆ 19.5 ಲಕ್ಷ. ಗಂಡ ಹೆಂಡತಿ ಇಬ್ಬರ ಮಿತಿಯೂ ಸೇರಿದರೆ 50 ಲಕ್ಷ ವಿನಾಯಿತಿ, ಜೊತೆಗೆ ಇಬ್ಬರ 3.25 ಲಕ್ಷ, ಆಗ ಈ ಜಮೀನಿಗೆ ತೆರಿಗೆ ಸೊನ್ನೆ.

ಒಂದು ಎಚ್ಚರಿಕೆ. ಮನೆಗೆಂದು ಕೊಡುವ 1.75 ಲಕ್ಷವನ್ನು ನಾನು ಸೇರಿಸಿಲ್ಲ. ಆಸ್ತಿ 20 ಲಕ್ಷ ದಾಟಿದರೆ ಪ್ರತಿ 2 ಪೌಂಡ್‌ಗೆ 1 ಪೌಂಡ್‌ನಂತೆ ಅದು ಕರಗುತ್ತದೆ. ಆ 20 ಲಕ್ಷವನ್ನು ಲೆಕ್ಕ ಹಾಕುವುದು ಕೃಷಿ ವಿನಾಯಿತಿ ಕಳೆಯುವ ಮೊದಲು. ಹಾಗಾಗಿ ಸಾಧಾರಣ ಜಮೀನು ಇರುವವರೂ ಇದನ್ನು ಕಳೆದುಕೊಳ್ಳುತ್ತಾರೆ. ತುಂಬ ಜನರ ಲೆಕ್ಕ ತಪ್ಪುವುದು ಇಲ್ಲಿಯೇ.

ನೇಗಿಲಮಿಣಿ:
ಲೆಕ್ಕ ಸರಿ ಇದೆ. ಇನ್ನೊಂದು ಸಾಲು ಸೇರಿಸಿ. ಆ 400 ಎಕರೆಯಲ್ಲಿ ಎಲ್ಲ ಖರ್ಚು ಕಳೆದು ಎಕರೆಗೆ 100 ಪೌಂಡ್ ಉಳಿಯಿತು ಎಂದುಕೊಳ್ಳಿ, ಅದೂ ಒಳ್ಳೆಯ ವರ್ಷದಲ್ಲಿ. ವರ್ಷಕ್ಕೆ 40,000. ಕಂತು 41,000. 10 ವರ್ಷ ಮನೆಯವರ ಊಟಕ್ಕೆ, ಯಂತ್ರ ಬದಲಿಸಲು ಒಂದು ಪೆನ್ನಿಯೂ ಉಳಿಯುವುದಿಲ್ಲ. 52 ಲಕ್ಷದ ಆಸ್ತಿಗೆ 40,000 ಆದಾಯ ಅಂದರೆ ಶೇ 1ಕ್ಕಿಂತ ಕಡಿಮೆ. ಷೇರು ಇರುವವನು ಶೇ 40 ಕಟ್ಟಬೇಕಾದರೆ ಒಂದಷ್ಟು ಷೇರು ಮಾರುತ್ತಾನೆ, ಉಳಿದವು ಮೊದಲಿನಂತೆಯೇ ದುಡಿಯುತ್ತವೆ. ಜಮೀನು ಹಾಗಲ್ಲ. 4.1 ಲಕ್ಷಕ್ಕೆ 41 ಎಕರೆ ಮಾರಬೇಕು. ಕೊಳ್ಳುವವನು ಕೇಳುವುದು ರಸ್ತೆ ಮತ್ತು ನೀರಿನ ಪೈಪ್ ಇರುವ ಹೊಲವನ್ನೇ. ಕಂಬೈನ್, ಧಾನ್ಯ ಒಣಗಿಸುವ ಯಂತ್ರ, ಗೋದಾಮು ಇವುಗಳ ಖರ್ಚು 400ರ ಬದಲು 359 ಎಕರೆಯ ಮೇಲೆ ಬೀಳುತ್ತದೆ.

ಕಾಲವನ್ನೂ ನೋಡಿ. ಇಂಗ್ಲೆಂಡಿನಲ್ಲಿ ಎಕರೆ ಲೆಕ್ಕದ ಹಳೆಯ ಸಹಾಯಧನ ಇಳಿಯುತ್ತಾ ಬಂದು 2025ರಲ್ಲಿ ಯಾವ ರೈತನಿಗೂ 7,200 ಪೌಂಡ್‌ಗಿಂತ ಹೆಚ್ಚು ಇಲ್ಲ ಎಂಬಲ್ಲಿಗೆ ನಿಂತಿತು. ಅದರ ಬದಲು ತಂದ ಪರಿಸರ ಯೋಜನೆಗೆ 2025ರ ಮಾರ್ಚ್ 11ರಂದು ಹೊಸ ಅರ್ಜಿಗಳನ್ನು ದಿಢೀರನೆ ನಿಲ್ಲಿಸಿದರು. ಹೀಗೆ ಒಂದರ ಹಿಂದೆ ಒಂದು ಮೂರು ಪೆಟ್ಟು ಬಿದ್ದದ್ದಕ್ಕೇ ಜನ ಮತ್ತೆ ಮತ್ತೆ ಬೀದಿಗೆ ಬಂದರು.

ಮೂಡಲಗಾಳಿ:
ನೇಗಿಲಮಿಣಿ ಅವರೇ, ಆದಾಯ ಶೇ 1 ಮಾತ್ರ ಅನ್ನುತ್ತೀರಿ. ಹಾಗಿದ್ದೂ ಜಮೀನಿಗೆ ಎಕರೆಗೆ 10,000 ಯಾಕೆ ಬಂತು ಎಂದು ಕೇಳಲೇಬೇಕು. ಬೆಳೆ ಆ ಬೆಲೆಯನ್ನು ಹೊರುವುದಿಲ್ಲ. ಹೊರುತ್ತಿರುವುದರಲ್ಲಿ ತೆರಿಗೆ ವಿನಾಯಿತಿಗೂ ಪಾಲಿದೆ. ನಗರದಲ್ಲಿ ದುಡ್ಡು ಮಾಡಿದವನು ಸಾಯುವ ಎರಡು ವರ್ಷ ಮೊದಲು ಜಮೀನು ಕೊಂಡು ತಾನೇ ಸಾಗುವಳಿ ಮಾಡಿಸಿದರೆ ವಿನಾಯಿತಿ ಸಿಗುತ್ತಿತ್ತು. ಬೇರೆಯವರಿಗೆ ಗೇಣಿಗೆ ಕೊಟ್ಟಿದ್ದರೆ ಏಳು ವರ್ಷ. ಹಾಗೆ ಬಂದ ಹಣದ ಎದುರು ಹೊಸದಾಗಿ ಬೇಸಾಯಕ್ಕೆ ಇಳಿಯುವ ಹುಡುಗ ಹುಡುಗಿಯರು ಹರಾಜಿನಲ್ಲಿ ನಿಲ್ಲಲಾರರು.

ಸರ್ಕಾರದ ಅಂಕಿಯೇ ಇದೆ. 2021–22ರಲ್ಲಿ ಕೃಷಿ ವಿನಾಯಿತಿ ಪಡೆದವರಲ್ಲಿ ಮೇಲಿನ ಶೇ 7, ಅಂದರೆ 117 ಆಸ್ತಿಗಳು, ಒಟ್ಟು ವಿನಾಯಿತಿಯ ಶೇ 40ನ್ನು ಪಡೆದವು: 21.9 ಕೋಟಿ ಪೌಂಡ್. ಮೊದಲ 37 ಆಸ್ತಿಗಳೇ 11.9 ಕೋಟಿ. ಇದು ರೈತನ ಹೆಸರಿನಲ್ಲಿ ದೊಡ್ಡ ಜಮೀನ್ದಾರನಿಗೆ ಹೋಗುವ ಹಣ. ಆಸ್ಪತ್ರೆಗೂ ಶಾಲೆಗೂ ಬರಬೇಕಾದದ್ದು.

ಇನ್ನೊಂದು ವಿಷಯವನ್ನು ಯಾರೂ ಎತ್ತುವುದಿಲ್ಲ. ಸತ್ತ ದಿನದ ಬೆಲೆಯೇ ವಾರಸುದಾರನ ಕೊಂಡ ಬೆಲೆ ಎಂದು ಬಂಡವಾಳ ಲಾಭ ತೆರಿಗೆಯಲ್ಲಿ (ಆಸ್ತಿ ಮಾರಿದ ಲಾಭದ ಮೇಲಿನ ತೆರಿಗೆ) ಹಿಡಿಯುತ್ತಾರೆ. 1970ರಲ್ಲಿ ಬಿಡಿಗಾಸಿಗೆ ಕೊಂಡ ಹೊಲ ಇಂದು 40 ಲಕ್ಷ ಆಗಿದ್ದರೂ ಮಗ ಮರುದಿನ ಮಾರಿದರೆ ಲಾಭ ಸೊನ್ನೆ. ಹಳೆಯ ನಿಯಮದಲ್ಲಿ ಪಿತ್ರಾರ್ಜಿತ ತೆರಿಗೆಯೂ ಸೊನ್ನೆ. ಎರಡೂ ಕಡೆ ತಪ್ಪಿಸಿಕೊಂಡ ಜಮೀನನ್ನು ಮಾರಿ ಹೋಗುವವನು ರೈತನಾಗಿ ಉಳಿದದ್ದಾದರೂ ಎಲ್ಲಿ?

ನೇಗಿಲಮಿಣಿ:
ಮಾರಿ ಹೋಗುವವನಿಗೆ ತೆರಿಗೆ ಹಾಕಿ, ಒಪ್ಪುತ್ತೇನೆ. ನನ್ನ ತಕರಾರು ಉಳುವವನಿಗೆ ಹಾಕುವುದರ ಬಗ್ಗೆ.

ಅರಳಿಕಟ್ಟೆ:
ಇಲ್ಲಿಯೇ ಐರ್ಲೆಂಡನ್ನು ನೋಡಬೇಕು. ಅಲ್ಲಿ ತೆರಿಗೆ ಸತ್ತವರ ಆಸ್ತಿಗಲ್ಲ, ಪಡೆದವರಿಗೆ. ದರ ಶೇ 33. ತಂದೆ ತಾಯಿಯಿಂದ ಪಡೆಯುವ ಪ್ರತಿ ಮಗುವಿಗೂ 4 ಲಕ್ಷ ಯೂರೋವರೆಗೆ ಇಲ್ಲ. ಕೃಷಿ ಆಸ್ತಿಯಾದರೆ ಬೆಲೆಯ ಶೇ 90ನ್ನು ಬಿಟ್ಟು ಶೇ 10 ಮಾತ್ರ ಲೆಕ್ಕಕ್ಕೆ. 20 ಲಕ್ಷ ಯೂರೋ ಜಮೀನು ಅಂದರೆ 2 ಲಕ್ಷ, ತೆರಿಗೆ ಇಲ್ಲ.

ಆದರೆ ಷರತ್ತುಗಳು ಗಟ್ಟಿ. ಜಮೀನು ಬಂದ ಮೇಲೆ ಪಡೆದವರ ಒಟ್ಟು ಆಸ್ತಿಯಲ್ಲಿ ಶೇ 80 ಕೃಷಿಯದೇ ಆಗಿರಬೇಕು. ಕೃಷಿ ವಿದ್ಯಾರ್ಹತೆ ಇರಬೇಕು, ಇಲ್ಲವೇ ದುಡಿಯುವ ಹೊತ್ತಿನ ಅರ್ಧವನ್ನಾದರೂ ಬೇಸಾಯಕ್ಕೆ ಕೊಡಬೇಕು; ಅದೂ ಆಗದಿದ್ದರೆ ಅಂಥವರಿಗೆ ಗುತ್ತಿಗೆಗೆ ಕೊಡಬೇಕು. ಆರು ವರ್ಷದೊಳಗೆ ಮಾರಿ ಆ ಹಣವನ್ನು ಮತ್ತೆ ಕೃಷಿ ಆಸ್ತಿಗೆ ಹಾಕದಿದ್ದರೆ ಕೊಟ್ಟ ವಿನಾಯಿತಿ ವಾಪಸ್. ಬ್ಯಾಂಕಿನಲ್ಲಿ ಬೇಕಾದಷ್ಟು ಇಟ್ಟುಕೊಂಡು ನೂರು ಎಕರೆ ಕೊಂಡವನ ಮಗ ಶೇ 80ರ ಪರೀಕ್ಷೆಯಲ್ಲೇ ಬಿದ್ದುಹೋಗುತ್ತಾನೆ.

ಬ್ರಿಟನ್ ಹಿಡಿದದ್ದು ಬೆಲೆಯ ಗೆರೆ ಮಾತ್ರ. ಉಳುವವನೋ ಅಲ್ಲವೋ ಎಂದು ವಾರಸುದಾರನನ್ನು ಯಾರೂ ಕೇಳುವುದಿಲ್ಲ. ಹಾಗಾಗಿ 24 ಲಕ್ಷದ ಜಮೀನು ಕೊಂಡಿಟ್ಟ ನಗರದ ವಕೀಲನಿಗೆ ಈಗಲೂ ಪೂರ್ತಿ ವಿನಾಯಿತಿ, ಸಂಗಾತಿಯೂ ಮದುವೆಯೂ ಇಲ್ಲದ ನಿಜವಾದ ರೈತನಿಗೆ 4.1 ಲಕ್ಷದ ಬಿಲ್. ನನಗೆ ಇದು ಅನ್ಯಾಯವಾಗಿ ಕಾಣುತ್ತದೆ.

ಲೆಕ್ಕದಪುಟ:
ಅರಳಿಕಟ್ಟೆಯವರು ಹೇಳಿದ್ದಕ್ಕೆ ಹತ್ತಿರದ ಸಲಹೆಗಳು ಬ್ರಿಟನ್ನಿನ ತೆರಿಗೆ ತಜ್ಞರಿಂದಲೇ ಬಂದಿದ್ದವು: ಮಿತಿ ಇನ್ನೂ ಎತ್ತರಿಸಿ, ಆದರೆ ಒಟ್ಟು ಆಸ್ತಿಯಲ್ಲಿ ಕೃಷಿಯ ಪಾಲು ದೊಡ್ಡದಿರಬೇಕು ಎನ್ನಿ, ಇಲ್ಲವೇ ಸಾವಿನ ನಂತರ ಮಾರಿದರೆ ತೆರಿಗೆ ವಾಪಸ್ ಪಡೆಯಿರಿ. ಸರ್ಕಾರ ಮಿತಿಯನ್ನು ಮಾತ್ರ ಏರಿಸಿತು. ಇದರಿಂದ 2026–27ರಲ್ಲಿ ಹೆಚ್ಚು ತೆರಿಗೆ ಕಟ್ಟಬೇಕಾಗುವ ಕೃಷಿ ಆಸ್ತಿಗಳು 375ರಿಂದ 185ಕ್ಕೆ ಇಳಿಯುತ್ತವೆ ಎಂಬುದು ಸರ್ಕಾರದ ಅಂದಾಜು. ವಾಪಸಾತಿ ನಿಯಮಕ್ಕೆ ಒಂದು ತೊಡಕಿದೆ: ವರ್ಷಗಟ್ಟಲೆ ಪ್ರತಿ ಹೊಲದ ಮೇಲೆ ತೆರಿಗೆ ಇಲಾಖೆ ಕಣ್ಣಿಡಬೇಕು, ಪಕ್ಕದ ಹೊಲದೊಂದಿಗೆ ಅದಲುಬದಲು ಮಾಡಿಕೊಂಡರೂ ಕಾಗದ ಕೊಡಬೇಕು.

ಕೆಂಪುಮಣ್ಣು:
ಬದುಕಿರುವಾಗಲೇ ಮಗನ ಹೆಸರಿಗೆ ಬರೆದುಕೊಟ್ಟರೆ ಆಯಿತಲ್ಲ? ಏಳು ವರ್ಷ ಬದುಕಿದರೆ ತೆರಿಗೆ ಇಲ್ಲ ಎಂದು ಕೇಳಿದ್ದೇನೆ.

ಲೆಕ್ಕದಪುಟ:
ಹೌದು, ಆದರೆ ಜನ ಎಡವುವುದೆಲ್ಲ ಅಲ್ಲಿಯೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೊಟ್ಟ ಮೇಲೆ ಕೊಟ್ಟಂತೆ ಇರಬೇಕು. ಅಪ್ಪ ಹೊಲ ಬರೆದುಕೊಟ್ಟು ಅದರ ಫಸಲಿನ ಹಣವನ್ನು ಮೊದಲಿನಂತೆಯೇ ತೆಗೆದುಕೊಳ್ಳುತ್ತಿದ್ದರೆ, ಅಥವಾ ಮನೆ ಕೊಟ್ಟು ಬಾಡಿಗೆ ಇಲ್ಲದೆ ಅಲ್ಲಿಯೇ ಇದ್ದರೆ, ಆ ದಾನ ಲೆಕ್ಕಕ್ಕೇ ಇಲ್ಲ. 20 ವರ್ಷ ಬದುಕಿದರೂ ಸತ್ತ ದಿನ ಆ ಆಸ್ತಿ ಅವರದೇ ಎಂದು ಎಣಿಸುತ್ತಾರೆ. ಇರಬೇಕೆಂದರೆ ಮಾರುಕಟ್ಟೆ ದರದ ಬಾಡಿಗೆ ಕಟ್ಟಬೇಕು, ಅದನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು, ಬ್ಯಾಂಕ್ ಮೂಲಕವೇ ಹೋಗಬೇಕು. ಆ ಬಾಡಿಗೆ ಮಗನ ಕೈಯಲ್ಲಿ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ.

ಜಮೀನನ್ನೆಲ್ಲ ಕೊಟ್ಟು ಮನೆಯನ್ನು ಮಾತ್ರ ಇಟ್ಟುಕೊಂಡರೆ ಬೇರೆ ತೊಂದರೆ. ಅಲ್ಲಿ ವಾಸಿಸುವವರು ಬೇಸಾಯ ನಡೆಸುತ್ತಿದ್ದು, ಮನೆಯ ಗಾತ್ರವೂ ಸ್ವರೂಪವೂ ಆ ಜಮೀನಿಗೆ ತಕ್ಕಂತೆ ಇದ್ದರೆ ಮಾತ್ರ ಅದಕ್ಕೆ ಕೃಷಿ ವಿನಾಯಿತಿ. ಬೇಸಾಯ ಬಿಟ್ಟು ಕೂತ ಅಪ್ಪನ ಮನೆ ಬರೀ ಮನೆ. ಹುಲ್ಲುಗಾವಲನ್ನು ಪಕ್ಕದವರಿಗೆ ಮೇಯಿಸಲು ಕೊಟ್ಟು ಹಣ ಮಾತ್ರ ಎಣಿಸುವವರಿಗೂ ಇದೇ ಗತಿ. ಗೊಬ್ಬರ ಹಾಕುವುದು, ಕಳೆ ತೆಗೆಯುವುದು, ಬೇಲಿ ನೋಡುವುದು ಇವನ್ನು ತಾವೇ ಮಾಡಿಸಿದ್ದಕ್ಕೆ ಬಿಲ್ ಮತ್ತು ದಿನಚರಿ ಇರಬೇಕು. ಸವಾರಿ ಕುದುರೆ ಮೇಯಿಸಿದರೆ ಅದು ಕೃಷಿಯೇ ಅಲ್ಲ. ಗುತ್ತಿಗೆ ಸಾಗುವಳಿ ಒಪ್ಪಂದದಲ್ಲಿ ಲಾಭ–ನಷ್ಟವೆಲ್ಲ ಗುತ್ತಿಗೆದಾರನದೇ ಆದರೆ ಮಾಲೀಕ ರೈತನಲ್ಲ ಎನ್ನುತ್ತದೆ ಇಲಾಖೆ.

ದಾನದ ದಿನ ಬಂಡವಾಳ ಲಾಭ ತೆರಿಗೆ ಏಳಬಹುದು. ಕೃಷಿ ಜಮೀನಿಗೆ ಅದನ್ನು ಮುಂದೂಡುವ ಅವಕಾಶ ಇದೆ, ಆದರೆ ಕೊಟ್ಟವರೂ ಪಡೆದವರೂ ಇಬ್ಬರೂ ಸಹಿ ಹಾಕಿ ಕೋರಬೇಕು. ಮುಂದೂಡಿದಾಗ ಮಗನಿಗೆ ಅಪ್ಪನ ಹಳೆಯ ಕೊಂಡ ಬೆಲೆಯೇ ಬರುತ್ತದೆ. ಮಾರುವ ಯೋಚನೆ ಇರುವ ಹೊಲವನ್ನು ಹೀಗೆ ಕೊಡುವುದು ನಷ್ಟ.

ಕೊನೆಯದಾಗಿ, 2024ರ ಅಕ್ಟೋಬರ್ 30 ಅಥವಾ ಆಮೇಲೆ ಕೊಟ್ಟ ದಾನಕ್ಕೆ, ಕೊಟ್ಟವರು ಏಳು ವರ್ಷದೊಳಗೆ ಮತ್ತು 2026ರ ಏಪ್ರಿಲ್ 6 ಅಥವಾ ಆಮೇಲೆ ಸತ್ತರೆ ಹೊಸ ನಿಯಮವೇ ಅನ್ವಯ. ಆದರೆ 25 ಲಕ್ಷದ ಮಿತಿ ದಾನಗಳಿಗೆ ಏಳು ವರ್ಷಕ್ಕೊಮ್ಮೆ ಹೊಸದಾಗುತ್ತದೆ. 60ರ ವಯಸ್ಸಿನಲ್ಲಿ ಶುರು ಮಾಡಿದವರಿಗೆ ದಾರಿ ಇದೆ.

ನೇಗಿಲಮಿಣಿ:
85 ವರ್ಷದವರಿಗೆ? ಕ್ಯಾನ್ಸರ್ ಬಂದವರಿಗೆ? 'ಜಮೀನು ಹೆಸರಿನಲ್ಲೇ ಇಟ್ಟುಕೊಳ್ಳಿ, ಸಾವಿನಲ್ಲಿ ವಿನಾಯಿತಿ ಇದೆ' ಎಂದು 30 ವರ್ಷ ಎಲ್ಲ ಸಲಹೆಗಾರರೂ ಹೇಳಿದ್ದರು. ಅದನ್ನು ನಂಬಿ ಇಟ್ಟುಕೊಂಡವರು ಈಗ ಏಳು ವರ್ಷ ಎಲ್ಲಿಂದ ತರಬೇಕು? ಜೀವವಿಮೆಯ ಕಂತು ಆ ವಯಸ್ಸಿಗೆ ಕೈಗೆಟುಕುವುದಿಲ್ಲ. ನಿಯಮ ಬದಲಿಸುವ ಹಕ್ಕು ಸರ್ಕಾರಕ್ಕಿದೆ, ಆದರೆ ಈ ತಲೆಮಾರಿಗೆ ಒಂದು ಬಾಗಿಲು ತೆರೆದಿಡಬೇಕಿತ್ತು. ಮಿತಿ ಏರಿಸಿದ ಮೇಲೂ ಆ ಬಾಗಿಲು ಇಲ್ಲ.

ಮೂಡಲಗಾಳಿ:
ಇದನ್ನು ಒಪ್ಪುತ್ತೇನೆ. ವಯಸ್ಸಾದವರಿಗೆ ದಾನದ ಅವಧಿಯನ್ನು ಕಡಿಮೆ ಮಾಡಬಹುದಿತ್ತು. ತತ್ವ ಸರಿ, ಜಾರಿಗೆ ತಂದ ರೀತಿ ಸರಿಯಿಲ್ಲ.

ಹೊಳೆದಂಡೆ:
ಸಾವಾದ ಮೇಲೆ ಮನೆಯವರು ಏನು ಮಾಡಬೇಕು ಎಂಬುದನ್ನೂ ಬರೆದಿಡೋಣ, ಹುಡುಕಿಕೊಂಡು ಬರುವವರಿಗೆ ಸಿಗಲಿ. ಸತ್ತ ತಿಂಗಳ ನಂತರದ ಆರನೇ ತಿಂಗಳ ಕೊನೆಯೊಳಗೆ ತೆರಿಗೆ ಕಟ್ಟಬೇಕು. ಕಂತಿನವರು ಮೊದಲ ಕಂತನ್ನು. ಐಎಚ್‌ಟಿ (ಪಿತ್ರಾರ್ಜಿತ ತೆರಿಗೆ) 400 ಮುಖ್ಯ ಫಾರಂ. ಅದರ ಜೊತೆ ಜಮೀನಿಗೆ 414, ಯಂತ್ರ, ದನಕರು, ಪಾಲುದಾರಿಕೆಗೆ 413. ತೆರಿಗೆ ಸಂದಾಯದ ಮೇಲೆಯೇ ಪ್ರೊಬೇಟ್ (ಸತ್ತವರ ಆಸ್ತಿ ವಿಲೇವಾರಿಗೆ ಕೊಡುವ ಅಧಿಕಾರ ಪತ್ರ). ಪ್ರೊಬೇಟ್ ಬರುವವರೆಗೆ ಸತ್ತವರ ಖಾತೆಯ ಹಣ ಸಾಮಾನ್ಯವಾಗಿ ಕೈಗೆ ಬರುವುದಿಲ್ಲ, ಬಿತ್ತನೆಯ ಹೊತ್ತಾದರೆ ಬೀಜ–ಗೊಬ್ಬರಕ್ಕೂ ತತ್ವಾರ. ಪಾಲುದಾರಿಕೆಯ ಖಾತೆಯಲ್ಲಿ ಮಗನ ಅಥವಾ ಮಗಳ ಸಹಿಯೂ ನಡೆಯುವಂತೆ ಮೊದಲೇ ಮಾಡಿಟ್ಟರೆ ಈ ಸಂಕಟ ತಪ್ಪುತ್ತದೆ. ಜಮೀನು ಮಾರಿದರೆ ಅದಕ್ಕೆ ಸೇರಿದ ಉಳಿದ ಕಂತುಗಳೆಲ್ಲ ಒಮ್ಮೆಗೇ ಬಾಕಿ. ಕಂತು ತಡವಾದರೆ ಬಡ್ಡಿ ಬೀಳುತ್ತದೆ.

ಅರಳಿಕಟ್ಟೆ:
ಊರಂಚಿನ ಹೊಲದ ವಿಷಯ ಬಿಟ್ಟುಹೋಗಿದೆ. 10 ಎಕರೆ, ಕೃಷಿ ಬೆಲೆ 1 ಲಕ್ಷ, ಬಡಾವಣೆ ಬರಬಹುದು ಎಂಬ ನಿರೀಕ್ಷೆಯಿಂದ ಮಾರುಕಟ್ಟೆ ಬೆಲೆ 6 ಲಕ್ಷ. ಕೃಷಿ ವಿನಾಯಿತಿ ಆ 1 ಲಕ್ಷಕ್ಕೆ ಮಾತ್ರ. ಉಳಿದ 5 ಲಕ್ಷಕ್ಕೆ ವ್ಯವಹಾರ ಆಸ್ತಿ ವಿನಾಯಿತಿ ಬೇಕು. ಹೊಲ ಪಾಲುದಾರಿಕೆಯ ಆಸ್ತಿಯಾಗಿದ್ದರೆ ಅದು ಪೂರ್ತಿ ಸಿಗಬಹುದು. ಒಬ್ಬ ಪಾಲುದಾರನ ಸ್ವಂತ ಹೆಸರಿನಲ್ಲಿದ್ದು ಪಾಲುದಾರಿಕೆ ಬಳಸುತ್ತಿದ್ದರೆ ಅರ್ಧ ಮಾತ್ರ. ಹೊಲ ಯಾರದು ಎಂದು ಪಾಲುದಾರಿಕೆ ಪತ್ರದಲ್ಲಿ ಬರೆದಿರುವುದೂ ಲೆಕ್ಕಪತ್ರದಲ್ಲಿ ತೋರಿಸಿರುವುದೂ ಬೇರೆ ಬೇರೆ ಇದ್ದರೆ ಇಲಾಖೆಯೊಂದಿಗೆ ವರ್ಷಗಟ್ಟಲೆ ಗುದ್ದಾಟ.

ತುಂಗೆಯತಡಿ:
ನಮ್ಮವರಿಗೆ ತಟ್ಟುವ ಪ್ರಶ್ನೆ. ಬ್ರಿಟನ್ನಿನಲ್ಲಿ 15–20 ವರ್ಷದಿಂದ ಇರುವ ಕನ್ನಡಿಗರ ಹೆಸರಿನಲ್ಲಿ ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇದ್ದರೆ ಅದಕ್ಕೂ ಈ ತೆರಿಗೆಯೇ? ಇಲ್ಲಿ ಪೌತಿ ಖಾತೆ ಮಾಡಿಸುವಾಗ ಯಾರೂ ತೆರಿಗೆ ಕೇಳುವುದಿಲ್ಲ.

ಲೆಕ್ಕದಪುಟ:
ಭಾರತದಲ್ಲಿ ಎಸ್ಟೇಟ್ ಸುಂಕ (ಸತ್ತವರ ಆಸ್ತಿಯ ಮೇಲಿನ ತೆರಿಗೆ) 1953ರಿಂದ ಇತ್ತು, 1985ರಲ್ಲಿ ವಿ.ಪಿ. ಸಿಂಗ್ ಹಣಕಾಸು ಸಚಿವರಾಗಿದ್ದಾಗ ರದ್ದಾಯಿತು. ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 20 ಕೋಟಿ ರೂಪಾಯಿ, ವಸೂಲಿಯ ಖರ್ಚು ಹೆಚ್ಚು ಎಂಬುದು ಕೊಟ್ಟ ಕಾರಣ. ಕೃಷಿ ಜಮೀನಿನ ಮೇಲೆ ಇಂಥ ಸುಂಕ ಹಾಕುವ ಅಧಿಕಾರ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲಿದೆ. ಈಗ ಇಲ್ಲಿ ಏನೂ ಇಲ್ಲ.

ಆದರೆ ಬ್ರಿಟನ್ ಕಡೆಯಿಂದ ಇದೆ. 2025ರ ಏಪ್ರಿಲ್ 6ರಿಂದ ಹಿಂದಿನ 20 ತೆರಿಗೆ ವರ್ಷಗಳಲ್ಲಿ 10 ವರ್ಷ ಅಲ್ಲಿ ನೆಲೆಸಿದವರ ಜಗತ್ತಿನ ಎಲ್ಲ ಆಸ್ತಿಯೂ ಲೆಕ್ಕಕ್ಕೆ, ತೋಟವೂ ಸೇರಿ. ಊರಿಗೆ ವಾಪಸ್ ಬಂದ ಮೇಲೂ 3ರಿಂದ 10 ವರ್ಷ ಈ ಬಾಲ ಬಿಡುವುದಿಲ್ಲ. ಕೃಷಿ ಆಸ್ತಿ ವಿನಾಯಿತಿ ಬ್ರಿಟನ್ನಿನ ಜಮೀನಿಗೆ ಮಾತ್ರ, ಭಾರತದ್ದಕ್ಕೆ ಯಾವತ್ತೂ ಇರಲಿಲ್ಲ. ವ್ಯವಹಾರ ಆಸ್ತಿ ವಿನಾಯಿತಿಗೆ ದೇಶದ ಗಡಿ ಇಲ್ಲ: ತೋಟದ ಬೇಸಾಯವನ್ನು ನಿಜವಾಗಿ ತಾವೇ ನಡೆಸುತ್ತಿದ್ದು, ಕೂಲಿ, ಗೊಬ್ಬರ, ಮಂಡಿಯ ಮಾರಾಟದ ಲೆಕ್ಕ ತಮ್ಮ ಹೆಸರಿನಲ್ಲಿದ್ದರೆ ಕೇಳಬಹುದು. ಚೇಣಿಗೆ (ಫಸಲನ್ನು ಗುತ್ತಿಗೆಗೆ) ಕೊಟ್ಟು ಹಣ ಪಡೆಯುವವರಿಗೆ ಕಷ್ಟ.

1956ರ ಭಾರತ–ಬ್ರಿಟನ್ ಎಸ್ಟೇಟ್ ಸುಂಕ ಒಪ್ಪಂದ ಇನ್ನೂ ಜೀವಂತ ಇದೆ. ಸಾಯುವಾಗ ಕಾನೂನಿನ ಅರ್ಥದಲ್ಲಿ ಕಾಯಂ ನೆಲೆ ಭಾರತವೇ ಆಗಿದ್ದು, ತೋಟ ಬ್ರಿಟನ್ ಕಾನೂನಿನ ಉಯಿಲಿನ ಮೂಲಕ ಹೋಗದಿದ್ದರೆ ಆ ತೋಟಕ್ಕೆ ಅಲ್ಲಿ ತೆರಿಗೆ ಇಲ್ಲ. ಇದು ಸಾವಿಗೆ ಮಾತ್ರ, ಬದುಕಿರುವಾಗ ಮಾಡುವ ದಾನಕ್ಕಲ್ಲ. ಬ್ರಿಟನ್ನಿನಲ್ಲೇ ಶಾಶ್ವತವಾಗಿ ಉಳಿಯುವುದೆಂದು ನಿರ್ಧರಿಸಿದವರಿಗೆ ಒಪ್ಪಂದ ಒದಗುವುದಿಲ್ಲ.

ತುಂಗೆಯತಡಿ:
ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿದ್ದರೆ? ಬೆಲೆ ಎಷ್ಟು ಎಂದು ತೋರಿಸಬೇಕು?

ಲೆಕ್ಕದಪುಟ:
ಸತ್ತವರ ಪಾಲು ಮಾತ್ರ. ವಿಭಾಗ ಪತ್ರ ನೋಂದಣಿಯಾಗಿ, ಪೋಡಿ ಆಗಿ, ಪಹಣಿಯಲ್ಲಿ ಬೇರೆ ಹೆಸರು ಬಂದಿದ್ದರೆ ಸಲೀಸು. ಆಗದಿದ್ದರೆ ವಂಶವೃಕ್ಷ ಇಟ್ಟುಕೊಂಡು ಪಾಲು ಎಷ್ಟೆಂದು ವಕೀಲರಿಂದ ಬರೆಸಿಕೊಳ್ಳಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ಸಾಲದು. ಸತ್ತ ದಿನದ ಮಾರುಕಟ್ಟೆ ಬೆಲೆಗೆ ಮೌಲ್ಯಮಾಪಕರ ವರದಿ, ಅದೇ ದಿನದ ರೂಪಾಯಿ–ಪೌಂಡ್ ದರ. ವಿದೇಶದ ಆಸ್ತಿಗೆ ಫಾರಂ 417. ಅಂಥ ಆಸ್ತಿಯನ್ನು ವಿಲೇವಾರಿ ಮಾಡಲು ತಗಲುವ ಹೆಚ್ಚುವರಿ ಖರ್ಚನ್ನು ಬೆಲೆಯ ಶೇ 5ರವರೆಗೆ ಕಳೆಯಲು ಬಿಡುತ್ತಾರೆ, ಕೇಳಿದರೆ ಮಾತ್ರ.

ಭಾರತದ ಆಸ್ತಿಗೆ ಬೇರೆ ಉಯಿಲು ಮಾಡಿಸಿ. ಆಮೇಲೆ ಬ್ರಿಟನ್ನಿನಲ್ಲಿ ಉಯಿಲು ಮಾಡಿಸುವಾಗ 'ಹಿಂದಿನ ಎಲ್ಲ ಉಯಿಲುಗಳೂ ರದ್ದು' ಎಂಬ ಸಾಲು ರೂಢಿಯಂತೆ ಬರುತ್ತದೆ. ಅದನ್ನು 'ಬ್ರಿಟನ್ನಿನ ಆಸ್ತಿಗೆ ಸಂಬಂಧಿಸಿದ ಹಿಂದಿನ ಉಯಿಲುಗಳು' ಎಂದು ತಿದ್ದಿಸದಿದ್ದರೆ ಊರಿನ ಉಯಿಲು ಅಲ್ಲಿಗೇ ಬಿದ್ದುಹೋಗುತ್ತದೆ.